ಬ್ಯಾಟರಿಗೆ ಹೊರಳಿದ ಮೇಲೆ ಅರ್ಥಿಂಗ್ ಕಥೆ ಏನು? ನಾಲ್ಕು ಬಗೆಯ ಬ್ಯಾಕಪ್, ಒಂದೇ ಕಂಪ್ಯೂಟರ್

ಯುಪಿಎಸ್ ಹೋಲಿಸುವವರೆಲ್ಲ ಎಷ್ಟು ವಿಎ (ಹೊರೆ ಹೊರುವ ಸಾಮರ್ಥ್ಯ), ಎಷ್ಟು ನಿಮಿಷ ಬ್ಯಾಕಪ್ ಎಂದೇ ಕೇಳುತ್ತಾರೆ. ನನ್ನ ಕುತೂಹಲ ಬೇರೆ: ಕರೆಂಟ್ ಹೋದ ಮೇಲೆ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಮತ್ತು ಅರ್ಥ್ (ನೆಲಕ್ಕೆ ಜೋಡಿಸಿದ ರಕ್ಷಣೆಯ ತಂತಿ) ಏನಾಗುತ್ತವೆ? ಕಂಪ್ಯೂಟರ್, ಮಾನಿಟರ್, ಸಾಕೆಟ್ ಅವೇ. ನಡುವಿನ ಪೆಟ್ಟಿಗೆ ಮಾತ್ರ ಬದಲಾಯಿಸುತ್ತ, ಮಲ್ಟಿಮೀಟರ್ ಹಿಡಿದು ನೋಡಿದೆ.

ಮೊದಲು ಸಾಕೆಟ್. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್. ಹೀಗಿದ್ದರೆ ಅರ್ಥ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಗಟ್ಟಿಯಾಗಿದೆಯೇ ಎನ್ನುವುದಕ್ಕೆ ಎಲೆಕ್ಟ್ರಿಷಿಯನ್ ಅರ್ಥ್ ದಾರಿಯ ರೋಧ ಅಳೆಯುವ ಲೂಪ್ ಟೆಸ್ಟರ್ ತರಬೇಕು. ಯಾವ ಯುಪಿಎಸ್ಸೂ ಅರ್ಥ್ ಹುಟ್ಟಿಸುವುದಿಲ್ಲ, ಗೋಡೆಯಿಂದ ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ ಅಷ್ಟೆ. ಅದಿಲ್ಲದಿದ್ದರೆ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಎರಡೂ ತಂತಿಗಳಿಂದ ಅರ್ಥ್‌ಗೆ ಜೋಡಣೆಯಾಗಿರುವುದರಿಂದ, ಅರ್ಥ್ ಕಡಿದ ಕ್ಯಾಬಿನೆಟ್ ಮೇಲೆ ಮೀಟರ್ ಸುಮಾರು 115 ವೋಲ್ಟ್ ತೋರಿಸುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ನಿಜ. ಆದರೆ ಒಳಗೆ ಫೇಸ್ ತಂತಿ ಕ್ಯಾಬಿನೆಟ್‌ಗೆ ತಾಗಿದ ದಿನ ಆ ಸಮಾಧಾನ ಉಳಿಯುವುದಿಲ್ಲ.

ಕರೆಂಟ್ ಇರುವಾಗ ಅದನ್ನೇ ದಾಟಿಸಿ, ಹೋದಾಗ ಮಾತ್ರ ಬ್ಯಾಟರಿಗೆ ಹೊರಳುವ ಆಫ್‌ಲೈನ್ ಯುಪಿಎಸ್ ಅಗ್ಗ, ಸದ್ದಿಲ್ಲ. ಬ್ಯಾಟರಿಗೆ ಹೋದ ಕ್ಷಣ ಇದರ ರಿಲೇ (ತಾನಾಗೇ ಬದಲಾಗುವ ಸ್ವಿಚ್) ಒಳಬರುವ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸಿತು. ಇದು ಬೇಕಾದದ್ದೇ, ಇಲ್ಲದಿದ್ದರೆ ಕಿತ್ತ ಪ್ಲಗ್‌ನ ಪಿನ್ನುಗಳಲ್ಲೇ ಶಾಕ್ ಕಾದಿರುತ್ತದೆ. ಅದರ ಜೊತೆಗೆ ಔಟ್‌ಪುಟ್ ನ್ಯೂಟ್ರಲ್‌ಗೂ ಅರ್ಥ್‌ಗೂ ಇದ್ದ ನಂಟು ಕಡಿಯುತ್ತದೆ. ಆ ಹೊತ್ತಿನಲ್ಲಿ ಒಂದು ತಂತಿ ಕ್ಯಾಬಿನೆಟ್‌ಗೆ ತಾಗಿದರೂ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗುವುದಿಲ್ಲ. ಒಂದೇ ದೋಷವಾದರೆ ಅಪಾಯ ಕಡಿಮೆ. ಅದು ಗೊತ್ತೇ ಆಗದೆ ಉಳಿದು, ಇನ್ನೊಂದು ದೋಷ ಬಂದು ಸೇರುವುದು ನನ್ನ ಭಯ.

ಲೈನ್ ಇಂಟರಾಕ್ಟಿವ್ ವೋಲ್ಟೇಜ್ ಏರಿಳಿತವನ್ನು ಬ್ಯಾಟರಿ ಮುಟ್ಟದೆ ಸರಿಪಡಿಸುತ್ತದೆ. ಅರ್ಥಿಂಗ್ ವಿಷಯದಲ್ಲಿ ನಾನು ನೋಡಿದ ಪೆಟ್ಟಿಗೆ ಆಫ್‌ಲೈನಿನದೇ ತಮ್ಮ. ಆದರೆ ವೈರಿಂಗ್ ದೋಷ ತೋರಿಸುವ ದೀಪವೊಂದು ಇದರಲ್ಲಿತ್ತು. ಅರ್ಥ್ ತಂತಿಯೇ ಇಲ್ಲದ ಹಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದೊಡನೆ ಕೆಂಪಗೆ ಹತ್ತಿತು. ಎಲ್ಲ ಮಾದರಿಗಳಲ್ಲೂ ಇದು ಸಿಗದು. ಕೊಳ್ಳುವಾಗ ಹುಡುಕಿ ನೋಡಿ. ಬೋರ್ಡಿನಲ್ಲಿ ಮೂರು ತೂತಿದ್ದ ಮಾತ್ರಕ್ಕೆ ವೈರಿನಲ್ಲಿ ಮೂರು ತಂತಿ ಇರಬೇಕೆಂದೇನಿಲ್ಲವಲ್ಲ!

ಆನ್‌ಲೈನ್ ಯುಪಿಎಸ್‌ನಲ್ಲಿ ಕರೆಂಟ್ ಸದಾ ಡಿಸಿ ಆಗಿ ಮತ್ತೆ ಎಸಿ ಆಗುವುದರಿಂದ ಹೊರಳುವ ಅಂತರ ಶೂನ್ಯ. ನನಗೆ ಹಿಡಿಸಿದ್ದು ಅದಲ್ಲ. ಒಳಬರುವ, ಹೊರಹೋಗುವ ತಂತಿಗಳನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದ ಈ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ನೇರ ಹಾದುಹೋಗುತ್ತದೆ. ಸಾಕೆಟ್ಟಿನ ಸ್ವಿಚ್ ಆರಿಸಿ ಬ್ಯಾಟರಿಯಲ್ಲಿ ಓಡಿಸಿದಾಗಲೂ ನ್ಯೂಟ್ರಲ್-ಅರ್ಥ್ ಅಳತೆ ಮೊದಲಿನಂತೆಯೇ ಉಳಿಯಿತು, ಅಂದರೆ ಅವುಗಳ ನಂಟು ಕಡಿಯಲಿಲ್ಲ. ಬೆಲೆ, ಬಿಸಿ, ಫ್ಯಾನ್ ಸದ್ದು ಮಾತ್ರ ಜಾಸ್ತಿ. ಲೀಕೇಜ್ (ಫಿಲ್ಟರ್‌ಗಳ ಮೂಲಕ ಅರ್ಥ್‌ಗೆ ಸೋರುವ ಅಲ್ಪ ಕರೆಂಟ್) ಲೆಕ್ಕವನ್ನೂ ಮರೆಯಬಾರದು: ಯುಪಿಎಸ್, ಕಂಪ್ಯೂಟರ್, ಮಾನಿಟರ್ ಎಲ್ಲದರ ಲೀಕೇಜ್ ಕರೆಂಟ್ ಒಂದೇ ಅರ್ಥ್ ತಂತಿಯಲ್ಲಿ ಕೂಡುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ, ಆ ಮೊತ್ತ 15 ದಾಟಿದ ಮೇಲೆ ಯಾವಾಗ ಬೇಕಾದರೂ ಟ್ರಿಪ್ ಆಗಬಹುದು.

ಮನೆಗೆಲ್ಲ ಒಂದೇ ಇನ್ವರ್ಟರ್ ಇದ್ದರೆ ಪೆಟ್ಟಿಗೆಗಿಂತ ವೈರಿಂಗ್ ಮಾಡಿದ ಕೈ ಮುಖ್ಯ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಕಲಸಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ. ಆಗ ಕೆಲವರು ಕಂಡುಕೊಳ್ಳುವ ‘ಪರಿಹಾರ’ ಅದನ್ನು ಕಿತ್ತೇ ಹಾಕುವುದು. ಕಂಪ್ಯೂಟರ್ ಇದ್ದರೆ ಯುಪಿಎಸ್ ಮೋಡ್ ಇಡಬೇಕು. ಇನ್ನೊಂದು ಮೋಡ್ ಬ್ಯಾಟರಿಗೆ ಹೊರಳುವುದು ನಿಧಾನ.

ಯಾವುದನ್ನೇ ಕೊಳ್ಳಲಿ, ಬ್ಯಾಕಪ್ ಪರೀಕ್ಷಿಸಲು ಪ್ಲಗ್ ಕೀಳಬೇಡಿ. ಕಿತ್ತರೆ ಫೇಸ್ ಜೊತೆ ಅರ್ಥ್ ಕೂಡ ಹೋಗುತ್ತದೆ, ಆನ್‌ಲೈನಿನ ನ್ಯೂಟ್ರಲ್ ಲಾಭವೂ ಹೋಗುತ್ತದೆ. ಸಾಕೆಟ್ಟಿನ ಸ್ವಿಚ್ ಆರಿಸಿದರೆ ಅರ್ಥ್ ಹಾಗೇ ಇರುತ್ತದೆ.

ಕೊನೆಗೆ ನನ್ನ ಮೇಜಿನಡಿ ಉಳಿದದ್ದು ದೀಪವಿರುವ ಲೈನ್ ಇಂಟರಾಕ್ಟಿವ್. ಬ್ಯಾಟರಿಯಲ್ಲಿ ನಾನು ಫೈಲ್ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತು ಮಾತ್ರ ಇರುವುದರಿಂದ, ನ್ಯೂಟ್ರಲ್ ಅರ್ಥ್‌ನ ನಂಟಿಲ್ಲದೆ ತೇಲುವ ಆ ಕೆಲವು ನಿಮಿಷ ನನಗೆ ಒಪ್ಪಿಗೆ. ದಿನವಿಡೀ ಓಡುವ ಸರ್ವರ್ ಇಟ್ಟವರಾದರೆ ಆನ್‌ಲೈನಿಗೇ ದುಡ್ಡು ಹಾಕಿ.