ತಲೆಹೇನಿಗೆ ಸೀರಣಿಗೆಯೋ, ಲೋಷನ್ನೋ?

ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಹೇನು ಕಂಡಾಗ ಹೆತ್ತವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ನನ್ನು ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆದರೆ ಓಡಾಡುವ ಹೇನುಗಳು ಸಾಯುತ್ತವೆ. ಆದರೆ ಉಳಿದ ಸೀರುಗಳು 7ರಿಂದ 10 ದಿನಗಳಲ್ಲಿ ಒಡೆಯುವುದರಿಂದ ಸುಮಾರು 9ನೆಯ ದಿನ ಮತ್ತೊಮ್ಮೆ ಹಚ್ಚಬೇಕಾಗುತ್ತದೆ. ಮೇಲಾಗಿ, ಹಲವು ದೇಶಗಳಲ್ಲಿ ಹೇನುಗಳು ಈ ಔಷಧಕ್ಕೆ ಜಗ್ಗದಂತಾಗಿವೆ.

ಸೀರಣಿಗೆಗೆ ಆ ಭಯವಿಲ್ಲ. ಒದ್ದೆ ಕೂದಲಿಗೆ ಕಂಡೀಷನರ್ ಸವರಿ, ಸ್ವಲ್ಪಸ್ವಲ್ಪವೇ ಕೂದಲನ್ನು ಹಿಡಿದು ಬುಡದಿಂದ ತುದಿಯವರೆಗೆ ಬಾಚುತ್ತ, 3–4 ದಿನಗಳಿಗೊಮ್ಮೆ ಕನಿಷ್ಠ ಎರಡು ವಾರ ಇದನ್ನು ಮುಂದುವರಿಸಿದರೆ, ಹೊಸದಾಗಿ ಹೊರಬಂದ ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಹಲ್ಲುಗಳಿಗೆ ಸಿಕ್ಕಿಬೀಳುತ್ತವೆ. ಅಜ್ಜಿಯಂದಿರು ಮೊಮ್ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾಡುತ್ತಿದ್ದ ಕೆಲಸವೂ ಇದೇ. ಉದ್ದನೆಯ, ದಟ್ಟ ಗುಂಗುರು ಕೂದಲಿಗೆ ಮಾತ್ರ ಬಹಳ ತಾಳ್ಮೆ ಬೇಕು.

ತಲೆ ಬೋಳಿಸಿದರೆ ಹೇನಿಗೆ ನೆಲೆಯೇ ಇರುವುದಿಲ್ಲವಾದರೂ ಮಗುವಿನ ಮನಸ್ಸು ನೋಯುತ್ತದೆ. ದಿನವೂ ತಲೆಸ್ನಾನ ಮಾಡಿಸಿದರೆ ಹೇನು ಹೋಗದು. ಸ್ವಚ್ಛವಾದ ತಲೆಗೂ ಅದು ಹತ್ತುವುದರಿಂದ ಮಗುವನ್ನು ಕೊಳಕೆಂದು ಹಳಿಯುವುದು ಅನ್ಯಾಯ. ಬಿಡುವಿರುವವರಿಗೆ ನಾನು ಸೀರಣಿಗೆಯನ್ನೇ ಮೊದಲು ಸೂಚಿಸುತ್ತೇನೆ. ಲೋಷನ್ ಆರಿಸಿದವರೂ ಬಾಚುವುದನ್ನು ಬಿಡಬಾರದು, ಎರಡು ತಿಂಗಳು ತುಂಬದ ಕೂಸಿಗಂತೂ ಅದನ್ನು ಹಚ್ಚಲೇಬಾರದು.