ಟಿವಿಗೆ ಇಂಟರ್ನೆಟ್: ಲ್ಯಾನ್ ಕೇಬಲ್ಲಾ, ಕರೆಂಟು ಲೈನಾ, ವೈಫೈ ಡಬ್ಬಿಯಾ?

ನಮ್ಮದು ಕಾರವಾರದ ಕೋಡಿಬಾಗದಲ್ಲಿ ಹಳೇ ಚಿರೇಕಲ್ಲಿನ ಮನೆ. ರೂಟರ್ ಜಗಲಿಯಲ್ಲಿ, ಟಿವಿ ಹಿಂದಿನ ಕೋಣೆಯಲ್ಲಿ. ನಡುವಿನ ಗೋಡೆ ದಾಟುವಷ್ಟರಲ್ಲಿ ವೈಫೈಗೆ ಉಸಿರು ಕಟ್ಟುತ್ತದೆ. ಅದಕ್ಕೇ ಟಿವಿಗೆ ಲ್ಯಾನ್ ಕೇಬಲ್ ಎಳೆಸಿದ್ದೆವು. ಮಳೆಗಾಲದಲ್ಲಿ ಅದೂ ಕೈಕೊಟ್ಟಿತು. ಒಮ್ಮೆ 'ಕೇಬಲ್ ಸಿಕ್ಕಿಸಿಲ್ಲ' ಅನ್ನುವುದು, ಪಿನ್ನು ಸ್ವಲ್ಪ ಅಲುಗಾಡಿಸಿದರೆ ಸರಿಯಾಗುವುದು. ಹೊಸ ಕೇಬಲ್ಲಿಗೆ ಖರ್ಚು ಮಾಡುವ ಮೊದಲು ಬೇರೆ ದಾರಿಗಳನ್ನೂ ನೋಡಿಬಿಡೋಣ ಅಂದುಕೊಂಡೆ.

ಪವರ್‌ಲೈನ್ ಅಡಾಪ್ಟರ್ ಕೇಳಲು ಚಂದ. ಒಂದು ಡಬ್ಬಿ ರೂಟರ್ ಹತ್ತಿರದ ಸಾಕೆಟ್ಟಿಗೆ, ಇನ್ನೊಂದು ಟಿವಿ ಹತ್ತಿರದ್ದಕ್ಕೆ. ಮನೆಯ ಕರೆಂಟು ವೈರಿನಲ್ಲೇ ಇಂಟರ್ನೆಟ್ ಹರಿಯುತ್ತದೆ. ನೇರ ಗೋಡೆಯ ಸಾಕೆಟ್ಟಿಗೇ ಹಾಕಬೇಕು, ಸ್ಪೈಕ್ ಬಸ್ಟರಿಗೆ ಹಾಕಿದರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ಎರಡು ಸಾಕೆಟ್ ಬೇರೆ ಬೇರೆ ಫೇಸಿನಲ್ಲಿದ್ದರಂತೂ ಕಷ್ಟವೇ. ನಮ್ಮಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಸಾಕು, ಚಿತ್ರ ನಿಂತು ಚಕ್ರ ಸುತ್ತುತ್ತಿತ್ತು. "ನಾನು ಚಟ್ನಿ ಅರೆಯಬೇಕೋ, ನೀನು ಮ್ಯಾಚ್ ನೋಡಬೇಕೋ, ಒಂದು ಹೇಳು ಮಾರಾಯಾ" ಅಂದಳು ಆಯಿ. ಡಬ್ಬಿ ವಾಪಸ್ ಹೋಯಿತು.

ಲ್ಯಾನ್ ಪೋರ್ಟ್ ಇರುವ ಮೆಶ್ ಡಬ್ಬಿ ಇದಕ್ಕಿಂತ ಎಷ್ಟೋ ವಾಸಿ. ಮೆಶ್ ಅಂದರೆ ರೂಟರಿನ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ, ಅದರಿಂದ ಒಂದು ಕೇಬಲ್ ಟಿವಿಗೆ. ಟಿವಿಯ ಮಟ್ಟಿಗೆ ಅದು ವೈರ್ ಸಂಪರ್ಕವೇ. ಆದರೆ ಡಬ್ಬಿಯನ್ನು ಟಿವಿ ಪಕ್ಕದಲ್ಲೇ ಇಟ್ಟರೆ ಪ್ರಯೋಜನವಿಲ್ಲ, ಟಿವಿಗೆ ಸಿಗದ ಸಿಗ್ನಲ್ ಅದಕ್ಕೆ ಮಾತ್ರ ಎಲ್ಲಿಂದ ಸಿಗಬೇಕು? ನಡುಮನೆ ಬಾಗಿಲ ಹತ್ತಿರ ಇಟ್ಟ ಮೇಲೆ ಓಡಿತು. ದರ ಮಾತ್ರ ಜಾಸ್ತಿ.

ಕೊನೆಗೆ ಹಳೇ ಕೇಬಲ್ಲಿನ ಕಡೆಗೇ ಬಂದೆ. ಇಲ್ಲಿ ಹುಡುಕುವ ಕ್ರಮ ಸುಲಭ. ಟಿವಿಯ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ಐಪಿ ಅಡ್ರೆಸ್, ಅಂದರೆ ಟಿವಿಗೆ ರೂಟರ್ ಕೊಡುವ ನಂಬರು ನೋಡಿ. 169.254 ಅಂತ ಶುರುವಾದರೆ ರೂಟರ್ ಅಡ್ರೆಸ್ ಕೊಟ್ಟಿಲ್ಲ ಅಂತ ಅರ್ಥ. ಎರಡನ್ನೂ ಸ್ವಿಚ್ ಆಫ್ ಮಾಡಿ, ಮೊದಲು ರೂಟರ್, ಆಮೇಲೆ ಟಿವಿ ಹಾಕಿ ನೋಡಿ. ಅಡ್ರೆಸ್ ಸರಿಯಿದ್ದೂ ಇಂಟರ್ನೆಟ್ ಇಲ್ಲವಾದರೆ ಡಿಎನ್ಎಸ್ (ಸೈಟುಗಳ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿ ಪರೀಕ್ಷಿಸಬಹುದು. ರೂಟರಿನ ಪೋರ್ಟಿನಲ್ಲಿ ಲೈಟೇ ಹತ್ತದಿದ್ದರೆ ಸೆಟ್ಟಿಂಗ್ ಕೆದಕುವುದು ದಂಡ, ಮೊದಲು ವೈರು ನೋಡಿ. ನಮ್ಮಲ್ಲಿ ಲೈಟು ಬಂದು ಬಂದು ಹೋಗುತ್ತಿತ್ತು.

ಟಿವಿ ಕಡೆಯ ಪಿನ್ನನ್ನು ಬೆಳಕಿಗೆ ಹಿಡಿದೆ. ಎಂಟು ಹಿತ್ತಾಳೆ ಬಣ್ಣದ ಗೆರೆಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು. ಉಪ್ಪುಗಾಳಿ, ಮೇಲಿಂದ ಮಳೆಗಾಲದ ತೇವ. ಎಂಟರಲ್ಲಿ 1, 2, 3, 6ನೇ ತಂತಿ ಸರಿಯಿದ್ದರೆ 100 ಎಂಬಿಪಿಎಸ್ ಸಂಪರ್ಕಕ್ಕೆ ಸಾಕು. ಗಿಗಾಬಿಟ್ಟಿಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ನಮ್ಮದರಲ್ಲಿ ಕೆಟ್ಟದ್ದು ಆ ನಾಲ್ಕರಲ್ಲೇ. ಪಿನ್ನು ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಈ ಸಾಲಿನಲ್ಲಿ ಹೊಸದನ್ನು ಕ್ರಿಂಪ್ ಮಾಡಿಸಿದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದ್ದು. ಎರಡೂ ತುದಿಯಲ್ಲಿ ಒಂದೇ ಸಾಲು ಇರಬೇಕು, ಅಷ್ಟೇ. ಆಮೇಲೆ ತಕರಾರಿಲ್ಲ.

ತುಂಬಾ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ. ಸ್ಪೀಡ್ ಟೆಸ್ಟಿನಲ್ಲಿ ಒಳ್ಳೆಯ ವೈಫೈ ಇದನ್ನು ಮೀರಿಸಬಹುದು. ಆದರೆ ನೆಟ್‌ಫ್ಲಿಕ್ಸ್ ತನ್ನ 4ಕೆಗೆ ಕೇಳುವುದೇ 15 ಎಂಬಿಪಿಎಸ್. ಅಷ್ಟನ್ನು ತಡೆಯಿಲ್ಲದೆ ಕೊಡುವುದು ಮುಖ್ಯ, ಅದರಲ್ಲಿ ಕೇಬಲ್ಲೇ ಮೇಲು. ಹೊಸದು ಎಳೆಸುವವರು ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ್ದು ನಮ್ಮ ಹವೆಗೆ ಬೇಡ. ಗುಡುಗು ಶುರುವಾದರೆ ಕರೆಂಟು ಪ್ಲಗ್ಗಿನ ಜೊತೆ ಲ್ಯಾನ್ ಪಿನ್ನನ್ನೂ ಕೀಳಿ, ಅದೂ ತಾಮ್ರವೇ ಅಲ್ವಾ.

ಶಿರಸಿಯ ಭಾವನಿಗೆ ಮಾತ್ರ ಮೆಶ್ ಡಬ್ಬಿಯನ್ನೇ ಹೇಳಿದ್ದೇನೆ. ಅವರ ಮನೆಯಲ್ಲಿ ರೂಟರ್ ಮಾಳಿಗೆಯಲ್ಲಿ, ಟಿವಿ ಸರಿಯಾಗಿ ಅದರ ಕೆಳಗೆ, ನಡುವೆ ಬರೀ ಮರದ ಹಲಗೆ. ಅಲ್ಲಿ ಕೇಬಲ್ಲಿಗೆ ತೂತು ಕೊರೆಯುವ ಅಗತ್ಯವಿಲ್ಲ.