ಕಾಫಿ ಯಂತ್ರ ಕೊಟ್ಟು ಬಾಂಬು ಮನೆಗೆ ತಂದೆ

ಎಂಟು ಸಾವಿರ ರೂಪಾಯಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಹುಬ್ಬಳ್ಳಿಯಲ್ಲಿ ಹಳೆಯ ಎಸ್ಪ್ರೆಸೊ ಯಂತ್ರವನ್ನು ರಿಪೇರಿಗೆ ಕೊಡಬೇಕೆಂದಿರುವವರು ದಯವಿಟ್ಟು ಓದಿ.

ಹಡಗಿನ ಕೆಲಸದಲ್ಲಿದ್ದ ನಮ್ಮ ಸೋದರಮಾವ ತಂದ ಲಾ ಪವೋನಿ ಯುರೋಪಿಕೋಲಾ ಅದು. 1961ರಲ್ಲಿ ಇಟಲಿಯಲ್ಲಿ ಶುರುವಾದ ಮಾದರಿ. ಹಿಡಿಕೆ ಎತ್ತಿ, ಕೈಯಿಂದಲೇ ಒತ್ತಿ ಕಾಫಿ ಇಳಿಸಬೇಕು. ಪಿಸ್ಟನ್ನಿನ ರಬ್ಬರ್ ಸೀಲುಗಳು ಒಣಗಿ ನೀರು ಮೇಲಕ್ಕೆ ಉಕ್ಕುತ್ತಿತ್ತು, ಸೇಫ್ಟಿ ವಾಲ್ವಿನಲ್ಲಿ ತುಸು ಉಗಿ ಸೋರುತ್ತಿತ್ತು. ಅಷ್ಟೇ. ಸೀಲಿಗಾಗಿ ದುರ್ಗದಬೈಲ್ ಮಾರುಕಟ್ಟೆಯೆಲ್ಲ ಅಲೆದು ಸೋತಾಗ ಈ ಮೇಸ್ತ್ರಿ ಸಿಕ್ಕ. "ಇಟಲಿಯದಿರಲಿ, ಜರ್ಮನಿಯದಿರಲಿ, ಉಗಿ ಉಗಿಯೇ ಸಾಹೇಬರೇ" ಎಂದ. ಆ ಮಾತಿಗೆ ಮರುಳಾದೆ, ಹೌದು, ಮರುಳಾದೆ.

ಎರಡು ತಿಂಗಳು ಸತಾಯಿಸಿ ಮೊಬೈಲಿಗೆ ಫೋಟೊ ಕಳಿಸಿದ. ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಿಯೇ ಬಾಕಿ ಹಣವನ್ನೆಲ್ಲ ಕಳಿಸಿಬಿಟ್ಟೆ! ಧಾರವಾಡಕ್ಕೆ ತಂದು ನೋಡಿದರೆ ಪಾಲಿಶ್ ಚಕ್ರಕ್ಕೆ ಹಿಡಿದು ಕ್ರೋಮನ್ನೇ ತಿಂದು ಹಾಕಿದ್ದಾನೆ, ಒಳಗಿನ ಹಿತ್ತಾಳೆ ಕಾಣುತ್ತಿದೆ. ಫೋನ್ ಮಾಡಿದರೆ, "ಬಂಗಾರದ ಹಾಗೆ ಕಾಣುವುದಿಲ್ಲವೇ?"

ಅದನ್ನೂ ನುಂಗಿಕೊಂಡೆ. ಗೆಳೆಯರನ್ನು ಕಾಫಿಗೆ ಬೇರೆ ಕರೆದಿದ್ದೆ. ಸ್ವಿಚ್ ಹಾಕಿ, ಉಗಿ ಏರುವುದನ್ನು ಕಾಯುತ್ತ, ಯಾಕೋ ಮೇಲೆ ನೋಡಿದೆ. ಸೇಫ್ಟಿ ವಾಲ್ವ್ ಇದ್ದ ಜಾಗದಲ್ಲಿ ಒಂದು ಬೋಲ್ಟು. ಟೆಫ್ಲಾನ್ ಟೇಪು ಸುತ್ತಿ ಬಿಗಿದ ಬೋಲ್ಟು! ನಮ್ಮದು ಹಳೆಯ ಮಾದರಿ, ಒತ್ತಡ ಏರಿದರೆ ತಾನಾಗಿ ಕರೆಂಟ್ ಕಡಿಯುವ ಪ್ರೆಶರ್‌ಸ್ಟಾಟ್ ಅದರಲ್ಲಿಲ್ಲ. ಕುಕ್ಕರಿನ ಸೀಟಿಗೆ ಬೆಣೆ ಹೊಡೆದು ಒಲೆಯ ಮೇಲಿಟ್ಟ ಹಾಗೆ. ಓಡಿಹೋಗಿ ಪ್ಲಗ್ ಕಿತ್ತೆ. ಗೆಳೆಯರ ಎದುರಿಗೆ ಕೈ ನಡುಗುತ್ತಿತ್ತು. ಕೊನೆಗೆ ಎಲ್ಲರಿಗೂ ಚಹಾ ಕೊಟ್ಟೆ.

"ಸೋರಿಕೆ ನಿಲ್ಲಿಸಿ ಎಂದವರು ನೀವೇ. ನಿಲ್ಲಿಸಿದ್ದೇನೆ. ಈಗ ಸೋರುತ್ತದೆಯೇ ಹೇಳಿ?"

ಇದು ಅವನ ಉತ್ತರ. ಹೇಳಿ, ಇದಕ್ಕೆ ಏನೆನ್ನಬೇಕು? ಹಳೆಯ ವಾಲ್ವ್ ಕೊಡು ಎಂದರೆ "ಗುಜರಿಗೆ ಹೋಯಿತು." ಹಣ ಕೇಳಿದರೆ "ಕೂಲಿ ಕೂಲಿಯೇ." ಆಮೇಲೆ ಫೋನ್ ಎತ್ತಲಿಲ್ಲ. ಒಳಗಿನ ಸೀಲುಗಳೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ತುಂಡುಗಳೆಂದು ಬಿಚ್ಚಿದಾಗ ತಿಳಿಯಿತು. ಬಾಯಿಗೆ ಹೋಗುವ ಕಾಫಿ ಅದರ ಮೂಲಕ ಇಳಿಯಬೇಕಿತ್ತು.

ಫೋಟೊ ನೋಡಿ ಹಣ ಕೊಡಬೇಡಿ. ನಿಮ್ಮೆದುರೇ ನೀರು ಕಾಯಿಸಲಿ, ತೆಗೆದ ಪ್ರತಿಯೊಂದು ಹಳೆಯ ಬಿಡಿಭಾಗವನ್ನೂ ಚೀಲದಲ್ಲಿ ಹಾಕಿ ಕೊಡಲಿ. ಕ್ರೋಮಿಗೆ ಪಾಲಿಶ್ ಚಕ್ರ ಮುಟ್ಟಿಸಲೇಬೇಡಿ.

ಯಂತ್ರ ಈಗ ಟವೆಲ್ ಹೊದ್ದು ಅಲಮಾರಿನ ಮೇಲಿದೆ. ಮಕ್ಕಳು ಸ್ವಿಚ್ ಹಾಕಿಯಾರೆಂದು ಅದರ ವೈರನ್ನೇ ಕತ್ತರಿಸಿದ್ದೇನೆ. ಮಾವನಿಗೆ ಇನ್ನೂ ಹೇಳಿಲ್ಲ.